ಇಪ್ಪತ್ತು ಮೆಟ್ಟಿಲು

ಫಿಸಿಕ್ಸ್ ಟೀಚರಿಗೆ ಕೋಪ ಬಂದರೆ ದನಿ ಏರುವುದಿಲ್ಲ, ಕನ್ನಡಕ ಇಳಿಯುತ್ತದೆ. ಅವತ್ತು ಅದು ಮೂಗಿನ ತುದಿಗೆ ಬಂದು ನಿಂತಿತ್ತು. ಸ್ಟಾಫ್ ರೂಮಿನ ಗೋಡೆಗೆ ಹೊಸ ಟೈಮ್‌ಟೇಬಲ್ ಅಂಟಿಸಿದ್ದರು. ಒಂಬತ್ತನೇ ತರಗತಿ, ಶುಕ್ರವಾರದ ಕೊನೆಯ ಎರಡು ಪೀರಿಯಡ್. ಇಪ್ಪತ್ತಾರು ವರ್ಷದಿಂದ 'ಲ್ಯಾಬ್' ಎಂದಿದ್ದ ಜಾಗದಲ್ಲಿ 'ಆಟ' ಎಂದಿತ್ತು.

"ಟೂರ್ನಮೆಂಟ್ ಹತ್ರ ಬಂತಲ್ಲ ಟೀಚರ್," ಅಂದ ಪಿ.ಟಿ. ಮೇಷ್ಟ್ರು, ಕುರ್ಚಿಯ ಹಿಂದೆ ಅರ್ಧ ಅವಿತುಕೊಂಡು. "ನೀವು ಪಾಠ ಬೋರ್ಡ್ ಮೇಲೂ ಮಾಡಬಹುದು. ನಾನು ಬೋರ್ಡ್ ಮೇಲೆ ಓಡ್ಸೋಕಾಗುತ್ತಾ?"

ಮಾತೇನೋ ಚುರುಕಾಗಿತ್ತು. ಆದರೆ ಮರದ ತುಂಡನ್ನು ಗಾಜಿನ ಮೇಲೊಮ್ಮೆ, ಮರಳುಕಾಗದದ ಮೇಲೊಮ್ಮೆ ಎಳೆದು ನೋಡದೆ ಘರ್ಷಣೆ ಕಲಿಸುವುದೆಂದರೆ ದಡದಲ್ಲಿ ಕೂರಿಸಿ ಈಜು ಕಲಿಸಿದ ಹಾಗೆ. ವಾರದಲ್ಲಿ ಮಕ್ಕಳ ಕೈಗೆ ಸ್ಪ್ರಿಂಗ್ ತಕ್ಕಡಿ ಸಿಗುತ್ತಿದ್ದದ್ದು ಆ ಎರಡು ಪೀರಿಯಡ್‌ನಲ್ಲಿ ಮಾತ್ರ. ಅದೂ ಹೋದರೆ ಉಳಿಯುವುದು ಸೀಮೆಸುಣ್ಣದ ಧೂಳು.

ಇನ್ನೂ ಉರಿ ಹತ್ತಿಸಿದ್ದೆಂದರೆ ಈ ಮೇಷ್ಟ್ರು ಬೇರೆ ಯಾರೂ ಅಲ್ಲ, ಅವರದೇ ಹಳೇ ಶಿಷ್ಯ. ಹದಿನಾಲ್ಕು ವರ್ಷದ ಹಿಂದೆ 'ಕೆಲಸ ಮತ್ತು ಶಕ್ತಿ' ಪರೀಕ್ಷೆಯಲ್ಲಿ ಉತ್ತರ ಬರೆಯುವ ಜಾಗದಲ್ಲಿ ಫುಟ್‌ಬಾಲಿನ ಚಿತ್ರ ಬಿಡಿಸಿ ಕೊಟ್ಟಿದ್ದವನು. ಚಿತ್ರ ಚೆನ್ನಾಗಿಯೇ ಇತ್ತು. ಮಾರ್ಕ್ಸೂ ಅದೇ ಆಕಾರದಲ್ಲಿ ಬಂದಿತ್ತು.

"ನಿಮ್ಮಿಬ್ಬರ ಜಗಳದಲ್ಲಿ ನನ್ನ ಟೀ ಆರಿಹೋಯ್ತು," ಅಂದರು ಹೆಡ್‌ಮಿಸ್ಟ್ರೆಸ್. "ಇಬ್ಬರೂ ಸೇರಿ ಏನಾದರೂ ತೀರ್ಮಾನ ಮಾಡ್ಕೊಂಡು ಬನ್ನಿ. ನಾನು ಸಹಿ ಹಾಕ್ತೀನಿ."

ಟೀಚರ್ ಕನ್ನಡಕ ಮೇಲೇರಿಸಿದರು. "ಲ್ಯಾಬಿಗೆ ಹೋಗೋ ಮೆಟ್ಟಿಲು ಇಪ್ಪತ್ತು ಇವೆ. ಇನ್ನೆರಡು ವಾರಕ್ಕೆ ಇಬ್ಬರೂ ಹತ್ತೋಣ. ಯಾರ ಸಾಮರ್ಥ್ಯ ಜಾಸ್ತಿಯೋ ಅವರಿಗೆ ಶುಕ್ರವಾರ. ಕೇಳಿಸ್ಕೋ, ತೂಕ ಗುಣಿಸು ಎತ್ತರ, ಅದು ಕೆಲಸ. ಅದನ್ನ ಸಮಯದಿಂದ ಭಾಗಿಸಿದ್ರೆ ಸಾಮರ್ಥ್ಯ. ಒಪ್ಪಿಗೆಯಾ?"

ಮೇಷ್ಟ್ರ ಕಿವಿಗೆ ಬಿದ್ದದ್ದು 'ಸಮಯ' ಒಂದೇ. ಐವತ್ತೆರಡು ದಾಟಿದ, ಮಂಡಿನೋವಿನ ಟೀಚರನ್ನೊಮ್ಮೆ ನೋಡಿದ, ತನ್ನ ಕಾಲನ್ನೊಮ್ಮೆ ನೋಡಿಕೊಂಡ. "ಪಾಪ, ನಿಮಗ್ಯಾಕೆ ಟೀಚರ್ ಈ ಕಷ್ಟ? ಆಯ್ತು, ಒಪ್ಪಿಗೆ!"

ಮನೆಗೆ ಬಂದು ಹೇಳಿದಾಗ, ಮೂವತ್ತು ವರ್ಷ ಲಾರಿ ಓಡಿಸಿದ್ದ ಗಂಡ ನಗಲಿಲ್ಲ. ಲೋಡಿನ ವಿಷಯದಲ್ಲಿ ಅವರು ನಗುವವರೇ ಅಲ್ಲ. "ಏರು ಸಿಕ್ಕಾಗ ಹೊಸಬ ಮಾಡೋ ತಪ್ಪು ಯಾವ್ದು ಗೊತ್ತಾ? ಮೊದ್ಲು ಜೋರಾಗಿ ನುಗ್ತಾನೆ, ಮಧ್ಯದಲ್ಲಿ ಗೇರ್ ಹುಡುಕ್ತಾನೆ. ನೀನು ಒಂದೇ ಗೇರಲ್ಲಿ ಹತ್ತು. ಎಡಬಲ ನೋಡ್ಬೇಡ."

"ಮಂಡಿ?"

"ಮೇಲೆ ಹೋದ್ಮೇಲೆ ರಿಪೇರಿ."

ಟೀಚರ್ ದಿನಾ ಎಲ್ಲರೂ ಹೋದ ಮೇಲೆ ಲ್ಯಾಬಿನ ಮೆಟ್ಟಿಲು ಹತ್ತತೊಡಗಿದರು. ಮೊದಲ ದಿನ ಹದಿನೈದು ಸೆಕೆಂಡ್, ಒಂದು ವಾರಕ್ಕೆ ಹತ್ತು. ಆಮೇಲೆ ಗಡಿಯಾರದ ಮುಳ್ಳಿಗೂ ಅವರಿಗೂ ಹಠ ಬಿತ್ತು.

ಎರಡನೇ ವಾರ ಸ್ಟಾಫ್ ರೂಮಿನಲ್ಲಿ ಮೇಷ್ಟ್ರ ಊಟದ ಡಬ್ಬಿ ತೆರೆಯಿತು. ಒಳಗೆ ಆರು ಹೋಳು ಸೌತೆಕಾಯಿ, ಅಷ್ಟೇ.

"ಏನೋ ಇದು?"

"ಮೈ ಇಳಿಸ್ತಿದ್ದೀನಿ ಟೀಚರ್. ರಾತ್ರಿ ಊಟಾನೂ ಬಿಟ್ಟಿದ್ದೀನಿ. ಹಗುರಾದಷ್ಟೂ ಗೆಲ್ಲೋದು ಸುಲಭ ಅಲ್ವಾ?"

ಟೀಚರ ಕೈಯಲ್ಲಿ ಕೆಂಪು ಪೆನ್ನಿತ್ತು. ತೂಕ ಇಳಿದರೆ ಕೆಲಸವೂ ಇಳಿಯುತ್ತದೆ ಎಂದು ಹೇಳಲು ಒಂದು ವಾಕ್ಯ ಸಾಕಿತ್ತು. ಇಪ್ಪತ್ತಾರು ವರ್ಷದಲ್ಲಿ ಕಣ್ಣಿಗೆ ಬಿದ್ದ ತಪ್ಪು ಉತ್ತರವನ್ನು ಅವರು ಹಾಗೇ ಬಿಟ್ಟದ್ದಿಲ್ಲ. ಬಸ್ಸಿನ ಟಿಕೆಟ್ಟಿನ ಹಿಂದೆ ಯಾರೋ ಗೀಚಿದ ಲೆಕ್ಕವನ್ನೂ ತಿದ್ದಿದವರು. ಕಣ್ಣೆದುರು ಗೋಡೆಯ ಮೇಲಿನ 'ಆಟ' ಕಂಡಿತು. ಪೆನ್ನಿಗೆ ಮುಚ್ಚಳ ಹಾಕಿದರು.

"ಉಪ್ಪು ಬೇಕೇನೋ ಅದಕ್ಕೆ?" ಅಂದರು. ಅಷ್ಟೇ ಅಂದರು.

ಪಂದ್ಯದ ದಿನ ಇಡೀ ಒಂಬತ್ತನೇ ತರಗತಿ ಕಟ್ಟೆ, ಕಿಟಕಿ, ಕಂಬ ಹಿಡಿದು ನಿಂತಿತು. ಸ್ಟಾಪ್‌ವಾಚ್ ಹಿಡಿದವಳು 'ಲಾಯರ್'. ಎಲ್ಲದಕ್ಕೂ ವಾದಿಸುವ ಹುಡುಗಿ, ತೀರ್ಪಿಗೆ ಅವಳೇ ಸರಿ ಎಂದು ಎರಡೂ ಕಡೆಯವರು ಒಪ್ಪಿದ್ದರು. ಒಂದು ಮೆಟ್ಟಿಲಿಗೆ ಹದಿನೆಂಟು ಸೆಂಟಿಮೀಟರ್, ಒಟ್ಟು ಎತ್ತರ ಮೂರು ಪಾಯಿಂಟ್ ಆರು ಮೀಟರ್ ಎಂದು ಅಳೆದು ಗೋಡೆ ಮೇಲೆ ಬರೆದಿದ್ದಳು.

ಮೇಷ್ಟ್ರು ವಿಸಿಲ್ ಬಿಚ್ಚಿದ, ವಾಚ್ ಬಿಚ್ಚಿದ, ಕೊನೆಗೆ ಶೂ ಕೂಡ ಬಿಚ್ಚಿ ತೂಕದ ಯಂತ್ರ ಹತ್ತಿದ. "ಅರವತ್ತು!" ಅಂತ ಕೈ ಮೇಲೆತ್ತಿದ. "ಎರಡು ವಾರದ ಹಿಂದೆ ಅರವತ್ನಾಲ್ಕಿತ್ತು!"

ಟೀಚರ್ ರಬ್ಬರ್ ಚಪ್ಪಲಿ ಸಮೇತ ಹತ್ತಿದರು. ಲಾಯರ್ ಮುಳ್ಳು ನೋಡಿ ಸಂಕೋಚಪಟ್ಟಳು.

"ಓದಮ್ಮ, ಜೋರಾಗೇ ಓದು. ಇವತ್ತು ಮುಚ್ಚಿಡೋ ದಿನ ಅಲ್ಲ."

"ತೊಂಬತ್ತು!"

ಮಕ್ಕಳು ಚಪ್ಪಾಳೆ ತಟ್ಟಿದರು. ಆ ಅಂಕಿಗೆ ಚಪ್ಪಾಳೆ ಬಿದ್ದದ್ದು ಅದೇ ಮೊದಲು.

ಮೇಷ್ಟ್ರು ಕಾಲುಚೀಲದಲ್ಲೇ ಹೊರಟ. ಎರಡೆರಡು ಮೆಟ್ಟಿಲು ಹಾರುತ್ತಾ ಬಾಣದ ಹಾಗೆ ಹೋದ. ಆದರೆ ಎಷ್ಟೋ ವರ್ಷದ ಮಕ್ಕಳ ಕಾಲು ಸವೆಸಿದ ಕಲ್ಲಿನ ಮೆಟ್ಟಿಲು ಅದು. ಹನ್ನೆರಡನೆಯದರಲ್ಲಿ ಕಾಲುಚೀಲ ಸರ್ರಂತ ಜಾರಿತು. ಮಂಡಿ ಊರಿ, ಕಂಬಿ ಹಿಡಿದು, ಎದ್ದು ಮತ್ತೆ ಓಡಿದ. ಐದು ಸೆಕೆಂಡ್.

ತಮ್ಮ ಸರದಿ ಬಂದಾಗ ಟೀಚರ್ ಎಡಬಲ ನೋಡಲಿಲ್ಲ. ಒಂದೊಂದೇ ಮೆಟ್ಟಿಲು, ಒಂದೇ ಗೇರು. ಚಪ್ಪಲಿ ಚಟಚಟ ಎಂದು ಕಲ್ಲನ್ನು ಕಚ್ಚಿಕೊಂಡಿತು. ಎಂಟರಲ್ಲಿ ಎದೆ ಹೊಡೆದುಕೊಂಡಿತು, ಹದಿಮೂರರಲ್ಲಿ ಮಂಡಿ ಅರ್ಜಿ ಹಾಕಿತು, ಹದಿನೇಳರಲ್ಲಿ ಬಾಯಿ ಒಣಗಿತು. ಇಪ್ಪತ್ತರಲ್ಲಿ ಲ್ಯಾಬಿನ ಬಾಗಿಲನ್ನೇ ಅಪ್ಪಿಕೊಂಡು ನಿಂತರು.

"ಏಳು ಪಾಯಿಂಟ್ ಎರಡು!"

"ಮುಗೀತು ಬಿಡಿ," ಅಂದ ಮೇಷ್ಟ್ರು. "ಎರಡು ಸೆಕೆಂಡಿಗಿಂತ ಜಾಸ್ತಿ ವ್ಯತ್ಯಾಸ."

"ತಡೀರಿ ಸಾರ್," ಅಂದಳು ಲಾಯರ್, ಗೋಡೆಗೆ ತಿರುಗಿ. "ಒಂದು ಕೆಜಿಗೆ ಹತ್ತು ನ್ಯೂಟನ್ ತೂಕ ಅಂತ ಹಿಡಿದ್ರೆ, ನಿಮ್ಮ ಕೆಲಸ ಎರಡು ಸಾವಿರದ ನೂರ ಅರವತ್ತು ಜೂಲ್. ಐದರಿಂದ ಭಾಗಿಸಿದ್ರೆ ನಾನೂರ ಮೂವತ್ತೆರಡು ವಾಟ್. ಟೀಚರ್‌ದು ಮೂರು ಸಾವಿರದ ಇನ್ನೂರ ನಲವತ್ತು. ಭಾಗಿಸು ಏಳು ಪಾಯಿಂಟ್ ಎರಡು... ನಾನೂರ ಐವತ್ತು!"

ಕಿಟಕಿ, ಕಂಬ ಎಲ್ಲ ಕೂಗಿದವು. ಹೆಡ್‌ಮಿಸ್ಟ್ರೆಸ್ ಟೈಮ್‌ಟೇಬಲ್ ತಿದ್ದಲು ಹೋದರು. ಲಾಯರ್ ಮಾತ್ರ ಸೀಮೆಸುಣ್ಣ ಬಿಡಲಿಲ್ಲ. "ಸಾರ್, ನೀವು ಅರವತ್ನಾಲ್ಕೇ ಇದ್ದು ಇದೇ ಐದು ಸೆಕೆಂಡಲ್ಲಿ ಹತ್ತಿದ್ರೆ ನಾನೂರ ಅರವತ್ತು ವಾಟ್ ದಾಟ್ತಿತ್ತು. ಗೆಲ್ತಿದ್ರಿ."

ಮೇಷ್ಟ್ರು ಗೋಡೆಯ ಲೆಕ್ಕವನ್ನೇ ನೋಡುತ್ತಾ ನಿಂತ. ಎರಡು ವಾರದ ಹಸಿವೆಲ್ಲ ಒಟ್ಟಿಗೆ ಮುಖಕ್ಕೆ ಬಂತು.

ಮಕ್ಕಳು ಚದುರಿದರು. ಟೀಚರ್ ಇನ್ನೂ ಮೇಲೇ ಇದ್ದರು. ಗೆದ್ದ ಮಂಡಿ ಇಳಿಯಲು ಒಲ್ಲೆ ಎಂದಿತ್ತು. ಮೇಷ್ಟ್ರು ಶೂ ಹಾಕಿಕೊಂಡು ಬಂದು, ಏನೂ ಕೇಳದೆ ಅವರ ತೋಳಿಗೆ ಭುಜ ಕೊಟ್ಟ. ಒಂದು ಮೆಟ್ಟಿಲು ಇಳಿದರು. ಎರಡು ಇಳಿದರು.

"ನಿನ್ನ ಸೌತೆಕಾಯಿ ನೋಡಿದ ದಿನವೇ ನನಗೆ ಗೊತ್ತಿತ್ತು ಕಣೋ," ಅಂದರು ಟೀಚರ್.

"ಗೊತ್ತಿದ್ದೂ ಹೇಳ್ಲಿಲ್ವಾ?"

"ಹೇಳ್ಲಿಲ್ಲ. ಲ್ಯಾಬ್ ಬೇಕಿತ್ತು. ತಪ್ಪು ಉತ್ತರ ನೋಡಿ ಪೆನ್ ಮುಚ್ಚಿದ್ದು ಜೀವನದಲ್ಲಿ ಅದೊಂದೇ ಸಲ. ಬೇಕಿದ್ರೆ ಇನ್ನೊಂದು ಸಲ ಹತ್ತೋಣ. ಈ ಸಲ ಊಟ ಮಾಡ್ಕೊಂಡು ಬಾ."

ಮೇಷ್ಟ್ರು ಅವರ ಮಂಡಿ ನೋಡಿದ. "ಬೇಡ ಟೀಚರ್. ನೀವು ಎರಡು ಸಲ ಹೇಳಿದ್ರಿ. ಒಂಬತ್ತನೇ ಕ್ಲಾಸಲ್ಲಿ ಒಂದ್ಸಲ, ಸ್ಟಾಫ್ ರೂಮಲ್ಲಿ ಒಂದ್ಸಲ. ನಾನೇ ಕಿವಿಗೆ ಹಾಕ್ಕೊಳ್ಲಿಲ್ಲ."

"ಹಾಗಾದ್ರೆ ಮೂರನೇ ಸಲ. ನಾನು ಕೆಳಗೆ ಇಳೀತಿದ್ದೀನಿ, ನೀನು ಮೇಲಕ್ಕೆ ಎತ್ತಿ ಹಿಡಿದಿದ್ದೀಯ. ನಿನ್ನ ಬಲ ಮಾಡ್ತಿರೋ ಕೆಲಸ ಎಂಥದ್ದು?"

ಮೇಷ್ಟ್ರು ಖಾಲಿ ಕೈಯ ಬೆರಳನ್ನು ಮೇಲೊಮ್ಮೆ, ಕೆಳಗೊಮ್ಮೆ ತೋರಿಸಿಕೊಳ್ಳುತ್ತಾ ಮೂರು ಮೆಟ್ಟಿಲು ಇಳಿದ.

"ಬಲ ಮೇಲಕ್ಕೆ... ಚಲಿಸ್ತಿರೋದು ಕೆಳಕ್ಕೆ... ಮೈನಸ್, ಟೀಚರ್?"

ಟೀಚರ್ ನಿಂತುಬಿಟ್ಟರು. ಕನ್ನಡಕ ತಾನಾಗಿ ಮೇಲೇರಿತು. "ಹದಿನಾಲ್ಕು ವರ್ಷ ತಡ. ಆದ್ರೂ ಪೂರ್ತಿ ಮಾರ್ಕ್ಸ್."

ಕೊನೆಯ ಮೆಟ್ಟಿಲಲ್ಲಿ ಅವನ ತೋಳು ಬಿಟ್ಟು, ತಮ್ಮ ಕಾಲ ಮೇಲೆ ನಿಂತರು. "ಬರೋ ಶುಕ್ರವಾರ ನಿನ್ನ ಟೀಮಿನ ಶೂಗಳನ್ನೆಲ್ಲ ಲ್ಯಾಬಿಗೆ ಕಳಿಸು. ಯಾವ ಅಟ್ಟೆ ಎಷ್ಟು ಹಿಡಿಯುತ್ತೆ, ಎಷ್ಟು ಜಾರುತ್ತೆ, ಮಕ್ಕಳ ಕೈಲೇ ಅಳೆಸ್ತೀನಿ. ಟೂರ್ನಮೆಂಟಲ್ಲಿ ಯಾರೂ ಮಂಡಿ ಊರೋದು ಬೇಡ."

"ನಾನೂ ಬರ್ಲಾ ಟೀಚರ್?"

"ಮೊದಲನೇ ಬೆಂಚಲ್ಲಿ ಕೂತ್ಕೋ. ಶೂ ಹಾಕ್ಕೊಂಡು ಬಾ."