ಕೌದಿಯ ಹಿಂದಿನ ನೀರಿನ ಗೆರೆ

ಹುಮನಾಬಾದದಿಂದ ಚಿಟಗುಪ್ಪದ ಬಸ್ಸು ಹಿಡಿದರೆ, ಹಳ್ಳದ ಸೇತುವೆ ದಾಟುತ್ತಲೇ ಎಡಕ್ಕೊಂದು ಊರು ಸಿಗುತ್ತದೆ. ಆ ಊರಿನ ಕೆಳಗಿನ ಓಣಿಯಲ್ಲಿ ಹನ್ನೊಂದು ಮನೆ. ಬೇಸಿಗೆಯಲ್ಲಿ ಆ ಹಳ್ಳದೊಳಗೆ ಎಮ್ಮೆ ಮೈ ತೊಳೆಯುವಷ್ಟೂ ನೀರಿರುವುದಿಲ್ಲ. ಭಾದ್ರಪದದಲ್ಲಿ ಮಾತ್ರ ಅದು ಯಾರ ಮಾತನ್ನೂ ಕೇಳುವುದಿಲ್ಲ.

ಈ ವರ್ಷವೂ ಕೇಳಲಿಲ್ಲ. ಮೇಲಿನ ಊರುಗಳಲ್ಲಿ ಸುರಿದ ಮಳೆ ಒಂದು ಮಧ್ಯಾಹ್ನ ಕೆಂಪು ನೀರಾಗಿ ಬಂತು. ಯಶೋದಾಬಾಯಿ ಮತ್ತು ಮಗ ಏಕನಾಥ ಸೋಯಾ ಹೊಲದಲ್ಲಿದ್ದರು. ಓಡಿ ಬರುವಷ್ಟರಲ್ಲಿ ಓಣಿಯ ಬಾಯಿ ಮುಚ್ಚಿಹೋಗಿತ್ತು. ಅಕ್ಕಪಕ್ಕದವರು ಮಾಳಿಗೆ ಏರಿ ಕುಳಿತಿದ್ದರು. ಸೊಸೆ ರೂಪಾಲಿ ಮಾತ್ರ ನಾಲ್ಕು ತಿಂಗಳ ಕೂಸಿನೊಂದಿಗೆ ಮನೆಯೊಳಗೇ ಸಿಕ್ಕಿಕೊಂಡಿದ್ದಳು. ತಾಯಿ ಮಗ ಇಬ್ಬರೂ ಹನುಮಾನ ಗುಡಿಯ ಕಟ್ಟೆಯ ಮೇಲೆ ನಿಂತು, ಎರಡು ತಾಸು ತಮ್ಮ ಮನೆಯ ಕಡೆಗೇ ನೋಡುತ್ತ ಉಳಿದರು. ನೀರು ಇಳಿದ ಮೇಲೆ ಹೋಗಿ ನೋಡಿದರೆ ರೂಪಾಲಿ ಅಟ್ಟದ ಮೇಲೆ ಕೂಸನ್ನು ಅವಚಿಕೊಂಡು ಕುಳಿತಿದ್ದಳು. ಕೂಸು ನಿದ್ದೆ ಮಾಡುತ್ತಿತ್ತು. ದೇವರು ದೊಡ್ಡವನು ಎಂದರು ಎಲ್ಲರೂ. ನೀರು ಎಲ್ಲಿಯವರೆಗೆ ಬಂದಿತ್ತೆಂದು ಸೊಸೆ ಹೇಳಲಿಲ್ಲ, ಅತ್ತೆ ಕೇಳಲಿಲ್ಲ.

ಮೂರು ವಾರಕ್ಕೆ ನವರಾತ್ರಿ ಬಂತು. ದೇವಿಯ ಘಟ ಕೂಡಿಸುವ ಮೊದಲು ಮನೆ ತೊಳೆದು ಸುಣ್ಣ ಬಳಿಯುವುದು ಅಲ್ಲಿಯ ಪದ್ಧತಿ. ಕೆಸರು ಮೆತ್ತಿದ ಗೋಡೆಗಳನ್ನು ಜನ ಇನ್ನಷ್ಟು ಹುರುಪಿನಿಂದ ಉಜ್ಜಿ ತೊಳೆದು ಸುಣ್ಣ ಹಚ್ಚಿದರು. ಇಡೀ ಊರು ಹೊಸ ಧೋತರ ಉಟ್ಟಂತೆ ಬೆಳ್ಳಗಾಯಿತು. ಯಶೋದಾಬಾಯಿಯ ಮನೆಗೆ ಮಾತ್ರ ಸುಣ್ಣವಿಲ್ಲ. ಶ್ರಾವಣದಲ್ಲಿ ಅವರ ಅತ್ತೆ ತೀರಿಕೊಂಡಿದ್ದರು. ಸಾವಾದ ಮನೆಯಲ್ಲಿ ವರ್ಷ ತುಂಬುವ ತನಕ ಗೋಡೆ ಉಜ್ಜುವಂತಿಲ್ಲ, ಸುಣ್ಣ ಮುಟ್ಟುವಂತಿಲ್ಲ. ಬಂದವರ ಕಣ್ಣಿಗೆ ಹೊಲಸು ಗೋಡೆ ಬೀಳುವುದು ಯಶೋದಾಬಾಯಿಗೆ ನಾಚಿಕೆ. ಮೊಳೆ ಹೊಡೆದು ಗೋಡೆಯ ತುಂಬ ಕೌದಿ ತೂಗುಬಿಟ್ಟರು.

ದಸರೆಯ ನಂತರ ಎಂಜಿನಿಯರ್ ಗುರುಶಾಂತ ಬಂದರು. ಹಳ್ಳಕ್ಕೆ ತಡೆಗೋಡೆ ಎಲ್ಲಿಂದ ಎಲ್ಲಿಯವರೆಗೆ, ಎಷ್ಟು ಎತ್ತರ ಬೇಕೆಂದು ನಕ್ಷೆ ಮಾಡುವ ಕೆಲಸ ಅವರದು. ನೀರು ಎಷ್ಟು ಏರಿತ್ತೆಂದು ಕೇಳಿದರೆ ಒಬ್ಬ ಮೊಳಕಾಲು ತೋರಿಸಿದ, ಇನ್ನೊಬ್ಬ ಕುತ್ತಿಗೆ ತೋರಿಸಿದ. ಗುರುತು ತೋರಿಸಿ ಎಂದರೆ ಎಲ್ಲ ಕಡೆ ಬಿಳಿ ಸುಣ್ಣ. ಕೆಳಗಿನ ಓಣಿಯವರು ಅಂದು ಕಬ್ಬು ಕಡಿಯಲು ಹೋಗಿದ್ದರು, ಬಾಗಿಲಿಗೆಲ್ಲ ಬೀಗ. ಗುಡಿಯ ಕಟ್ಟೆಯ ಮೇಲೆ ಕುಳಿತವರು ಹೇಳಿದ್ದನ್ನಷ್ಟೇ ಬರೆದುಕೊಂಡು ಅವರು ಹೋದರು. ಕರಡು ನಕ್ಷೆಯಲ್ಲಿ ಗೋಡೆ ಗುಡಿಯ ಹತ್ತಿರವೇ ನಿಂತಿತ್ತು. ಎತ್ತರ, ಆಳಿನ ಸೊಂಟದಷ್ಟು.

ಅದನ್ನು ಪಂಚಾಯ್ತಿಯಲ್ಲಿ ಕಂಡವಳು ಸುಗಂಧಾ. ಮಹಿಳಾ ಸಂಘದ ಅಧ್ಯಕ್ಷೆ, ತರಬೇತಿಗೆ ಹುಮನಾಬಾದಕ್ಕೆ ಹೋಗಿಬಂದವಳು. ನಾಡಿದ್ದು ಗ್ರಾಮಸಭೆ ಇದೆ, ಬರಬೇಕು ಎಂದು ಕರೆಯಲು ಯಶೋದಾಬಾಯಿಯ ಮನೆಗೆ ಬಂದಳು.

“ನಾ ಬಂದು ಏನ್ ಮಾಡ್ಲಿ? ಹಳ್ಳದ ಎದುರು ನಿಂತು ಕೈ ಅಡ್ಡ ಹಿಡೀಲೇನ?” ಎಂದರು ಯಶೋದಾಬಾಯಿ. “ಸರಕಾರಕ್ಕ ನಮ್ಮ ಓಣಿ ಓಟಿನ ದಿನ ಒಂದs ಕಾಣ್ತದ. ಪರಿಹಾರ ಬರೋದಿದ್ರ ತಾನs ಬರ್ತದ ಬಿಡು.”

“ಪರಿಹಾರ ಬ್ಯಾರೆ, ತಡೆಗ್ವಾಡಿ ಬ್ಯಾರೆ ಕಾಕಿ. ಪರಿಹಾರ ನೀರು ಹೋದಮ್ಯಾಲ ಬರ್ತದ. ಗ್ವಾಡಿ ನೀರು ಬರೋಕ್ಕಿಂತ ಮೊದ್ಲ ಕೇಳಬೇಕು.”

ಹೂಳು ತೆಗೆಯುವಂಥ ಸಣ್ಣ ಕೆಲಸವನ್ನು ಪಂಚಾಯ್ತಿ ತನ್ನ ವರ್ಷದ ಯೋಜನೆಯಲ್ಲೇ ಹಿಡಿಯಬಹುದು, ದೊಡ್ಡ ಗೋಡೆಯ ಕಾಗದ ಮಾತ್ರ ಜಿಲ್ಲೆಗೆ ಹೋಗಬೇಕು ಎಂದು ಅವಳು ಬಿಡಿಸಿ ಹೇಳಿದಳು. ಅಲ್ಲಿ ಹತ್ತಾರು ಊರಿನ ಕಾಗದಗಳು ಸಾಲುಗಟ್ಟಿ ಕುಳಿತಿರುತ್ತವೆ. ಗುರುತು, ಅಳತೆ, ಗ್ರಾಮಸಭೆ ನಿರ್ಣಯಿಸಿ ಬರೆದ ಠರಾವು ಇದ್ದ ಕಾಗದಕ್ಕೆ ಬಲ. ನಮ್ಮ ಓಣಿಗೆ ಗುರುತೇ ಉಳಿದಿಲ್ಲ ಎಂದು ಹೇಳಿ ನಿಟ್ಟುಸಿರು ಬಿಟ್ಟಳು.

ಚಹಾದ ಬಸಿ ತೊಳೆಯುತ್ತಿದ್ದ ರೂಪಾಲಿ ಕೈ ಒರೆಸಿಕೊಂಡು ಎದ್ದುಬಂದಳು. ಅತ್ತೆಯ ಮುಖವನ್ನೊಮ್ಮೆ ನೋಡಿ, ಕೌದಿಯ ಒಂದು ತುದಿಯನ್ನು ಸರಿಸಿದಳು.

ಸುಗಂಧಾ ಅಂದೇ ಫೋನು ಮಾಡಿ ಕರೆದಿದ್ದರಿಂದ ಮರುದಿನ ಬೆಳಿಗ್ಗೆ ಗುರುಶಾಂತ ಮತ್ತೆ ಬಂದರು. ಗೋಡೆಯ ಉದ್ದಕ್ಕೂ ಹರಿದ ಕೆಂಪು ಗೆರೆ, ಅದಕ್ಕಂಟಿದ ಕಬ್ಬಿನ ಒಣಗರಿ, ರವದಿ. ಅವರು ಟೇಪು ಹಿಡಿದರು. ಗೆರೆಗೂ ಅಟ್ಟದ ಹಲಗೆಗೂ ನಡುವೆ ಒಂದೇ ಗೇಣು.

“ಇದು ನಿಂತ ನೀರಿನ ಗೆರಿ ಅದರಿ ಸರ್,” ಎಂದಳು ರೂಪಾಲಿ. “ತೆರಿ ಬಂದಾಗ ನನ್ನ ಪಾದಕ್ಕ ಹತ್ತತಿತ್ತು.”

ಯಶೋದಾಬಾಯಿ ಉಳಿದ ಕೌದಿಗಳನ್ನೂ ಒಂದೊಂದಾಗಿ ಮೊಳೆಯಿಂದ ಕಳಚಿದರು.

ಎಂಜಿನಿಯರರು ಮೂರು ಕಾಲಿನ ಮೇಲೆ ದುರ್ಬೀನಿನಂಥ ಯಂತ್ರ ಇಟ್ಟು, ಆ ಗೆರೆಯ ಮಟ್ಟವನ್ನು ಮನೆಯಿಂದ ಮನೆಗೆ ಒಯ್ದರು. ಸುಗಂಧಾ ಅಳತೆಪಟ್ಟಿ ಹಿಡಿದಳು, ಏಕನಾಥ ಸೀಮೆಸುಣ್ಣದಿಂದ ಗೀಟು ಎಳೆದ. ಜನ ಹಿಂದೆ ಹಿಂದೆ ಬಂದರು. ಗೀಟು ಓಣಿಯ ಬಾಗಿಲುಗಳ ಚಿಲಕಗಳನ್ನು ದಾಟಿತು. ಅಂಗನವಾಡಿಯ ಕಿಟಕಿಯನ್ನು ದಾಟಿತು. ಅದರ ಕೆಳಗೆ ಮಕ್ಕಳು ನಿಂತರೆ ಯಾರ ತಲೆಯೂ ಗೀಟಿಗೆ ಎಟುಕುತ್ತಿರಲಿಲ್ಲ. ದಿಬ್ಬದ ಮೇಲೆ ಕಟ್ಟಿಸಿದ ಮನೆಗೆ ನೀರು ಬರುವುದೇ ಇಲ್ಲ ಎನ್ನುತ್ತಿದ್ದ ಊರಿನ ಹಿರಿಯ ಬಸವಣಪ್ಪನವರ ಗೋಡೆಯಲ್ಲೂ ಗೀಟು ಹೊಸ್ತಿಲಿಗಿಂತ ಮೇಲೆಯೇ ಬಿತ್ತು. ನೀರು ಬಂದ ದಿನ ಅವರು ಮನೆಮಂದಿಯೊಂದಿಗೆ ಬಸವಕಲ್ಯಾಣದ ಬೀಗರ ಮನೆಯಲ್ಲಿದ್ದರು, ಮರಳುವಷ್ಟರಲ್ಲಿ ಆಳುಗಳು ಮನೆ ತೊಳೆದಿದ್ದರು. ಇಳಿದುಹೋದ ನೀರು ಹಾಡುಹಗಲೇ ಊರೊಳಗೆ ಮತ್ತೆ ಬಂದು ನಿಂತಂತಿತ್ತು, ಸದ್ದಿಲ್ಲದೆ. ಬಿಸಿಲಿನಲ್ಲಿ ನಿಂತ ಜನರಿಗೆ ತಾವು ಎಷ್ಟು ಆಳದಲ್ಲಿದ್ದೇವೆಂದು ಮೊದಲ ಸಲ ತಿಳಿಯಿತು.

ಗ್ರಾಮಸಭೆಯಲ್ಲಿ ಮಾತು ಬಂತು. ಈ ವರ್ಷ ಗುಡಿಯ ತನಕ ಕೇಳೋಣ, ಕೆಳಗಿನ ಓಣಿಯದು ಮುಂದಿನ ವರ್ಷ ನೋಡಿದರಾಯಿತು ಎಂದರು ಬಸವಣಪ್ಪ. ಗುಡಿಯ ಹತ್ತಿರ ಗೋಡೆ ನಿಂತರೆ ಅಲ್ಲಿ ತಡೆದ ನೀರು ಕೆಳಗಿನ ಓಣಿಗೆ ಇನ್ನಷ್ಟು ಜೋರಾಗಿ ನುಗ್ಗುತ್ತದೆ ಎಂದು ಗುರುಶಾಂತ ಎಚ್ಚರಿಸಿದರು. ಆದರೂ ಮುಂದೆ ಕುಳಿತವರಲ್ಲಿ ಗುಸುಗುಸು ನಿಲ್ಲಲಿಲ್ಲ. ಆಗ ಹೆಂಗಸರ ಸಾಲಿನ ಹಿಂದಿನಿಂದ ಯಶೋದಾಬಾಯಿ ಎದ್ದರು. ಸಭೆಯಲ್ಲಿ ಅವರು ಬಾಯಿ ತೆರೆದದ್ದು ಅದೇ ಮೊದಲು.

“ಅಣ್ಣಾ, ಆ ದಿನ ನಾ ಗುಡಿ ಕಟ್ಟಿಮ್ಯಾಲ ನಿಂತಿದ್ದೆ. ನನ್ನ ಮೊಮ್ಮಗಳು ಅಟ್ಟದ ಮ್ಯಾಲಿದ್ಲು. ನೀರಿಗೂ ಅಕಿಗೂ ನಡುವ ಒಂದು ಗೇಣು. ಗ್ವಾಡಿ ಗುಡಿ ಹಂತ್ಯಾಕ ನಿಂತ್ರ ಆ ಗೇಣು ಉಳಿಯಂಗಿಲ್ಲ. ಯಾರ ಕೂಸಿಗೆ ಮುಂದಿನ ವರ್ಷ ಅಂತ ಹೇಳ್ಲಿ?”

ಬಸವಣಪ್ಪ ಜೇಬಿನಿಂದ ಪೆನ್ನು ತೆಗೆದರು. “ಓಣಿ ಸೇರಿಸಿ ಬರೀರಿ. ನನ್ನ ಸಹಿ ಮೊದ್ಲ ಹಾಕ್ತೀನಿ,” ಎಂದರು.

ಕೆಳಗಿನ ಓಣಿಯೂ ಸೇರಿ ಒಂದೇ ಗೋಡೆ, ಗೆರೆಗಿಂತ ಎತ್ತರ ಎಂದು ಠರಾವು ಆಯಿತು. ಪಂಚಾಯ್ತಿಯ ಅಧಿಕಾರಿ ಅದನ್ನು ಗಟ್ಟಿಯಾಗಿ ಓದಿದರು. ಇಷ್ಟು ವರ್ಷ ನೆರೆಹೊರೆಯ ಬಾಯಲ್ಲಷ್ಟೇ ಇದ್ದ ಓಣಿಯ ಹೆಸರು ಸರಕಾರದ ಕಾಗದದಿಂದ ಹೊರಟಾಗ ಯಶೋದಾಬಾಯಿ ಅದನ್ನು ಇನ್ನೊಮ್ಮೆ ಓದಿಸಿ ಕೇಳಿದರು.

ಗೋಡೆ ಇನ್ನೂ ಎದ್ದಿಲ್ಲ. ಹಳ್ಳದ ಹೂಳು ತೆಗೆಯುವ ಕೆಲಸ ಶುರುವಾಗಿದೆ. ದೊಡ್ಡ ಕಾಗದ ಜಿಲ್ಲೆಗೆ ಹೋಗಿದೆ. ಅದು ಎಲ್ಲಿಗೆ ಬಂತೆಂದು ಏಕನಾಥ ಮತ್ತು ಸುಗಂಧಾ ತಿಂಗಳಿಗೊಮ್ಮೆ ಹೋಗಿ ವಿಚಾರಿಸುತ್ತಾರೆ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಗೂ ನೀರು ನುಗ್ಗಿದ್ದರೆ ಗೋಡೆ ತೊಳೆಯುವ ಮೊದಲು ಗೆರೆಯ ಮೇಲೊಂದು ಮೊಳೆ ಹೊಡೆಯಿರಿ. ಮೊಬೈಲಿನಲ್ಲಿ ಫೋಟೊ ತೆಗೆದು, ತಾರೀಖು ಬರೆದಿಡಿ. ಹಬ್ಬದ ಸುಣ್ಣ ಆಮೇಲೆ ಬಳಿಯಬಹುದು. ವಾರ್ಡ್ ಸಭೆ, ಗ್ರಾಮಸಭೆ ಯಾವತ್ತೆಂದು ಪಂಚಾಯ್ತಿಯಲ್ಲಿ ಕೇಳಿಕೊಳ್ಳಿ. ಮನೆಯ ಹೆಣ್ಣುಮಕ್ಕಳನ್ನೂ ಕರೆದುಕೊಂಡು ಹೋಗಿ, ನೀರು ಬಂದಾಗ ಮನೆಯಲ್ಲಿ ಇದ್ದವರು ಅವರೇ. ಯೋಜನೆ ನಿಮಗಾಗಿ, ಹಣ ನಿಮ್ಮದೇ. ನಿಮ್ಮ ಓಣಿಯ ಹೆಸರನ್ನು ಠರಾವಿನಲ್ಲಿ ಬರೆದು, ಗಟ್ಟಿಯಾಗಿ ಓದಿ ಹೇಳುವ ತನಕ ಸಭೆಯಿಂದ ಏಳಬೇಡಿ.