ವಿಶಾಲಾಕ್ಷಿಯ ಬಾಜೂದ ಜಾಗ

ಮೂರಡಿ ಇಳಿಯುವಷ್ಟರಲ್ಲಿ ಮಲ್ಲುವಿನ ಗುದ್ದಲಿ ಕಟ್ಟಿಗೆಗೆ ಬಡಿಯಿತು. ಇನ್ನೊಂದು ಏಟಿಗೆ ಕೈಯೆತ್ತಿದವನು ಹಾಗೇ ನಿಂತುಬಿಟ್ಟ.

"ಯಾಕೋ ನಿಂತಿ?" ಮೇಲಿನಿಂದ ಅಮರೇಶಪ್ಪ ಕೂಗಿದರು. "ಇನ್ನೊಂದು ತಾಸಿನಾಗ ಅಕ್ಕನ್ನ ತರ್ತಾರ. ಲಗೂನ ಅಗಿ."

"ಇಲ್ಲಿ ಪೆಟಗಿ ಐತ್ರೀ ಸಾಹೇಬ್ರ."

"ರತ್ನಪ್ಪ ಭಾವಂದು ಇರಬೇಕು."

"ಇಪ್ಪತ್ತೆರಡು ವರ್ಷದ್ದು ಇಷ್ಟೊತ್ತಿಗೆ ಮಣ್ಣಾಗಿರತೈತ್ರಿ. ಇದು ಹೊಸಾದು. ಮೊಳಿ ಇನ್ನಾ ಹೊಳ್ಯಾಕತ್ತಾವು."

ಸಿಕಂದರಾಬಾದಿನ ಆ ಕನ್ನಡ ಕ್ರೈಸ್ತ ಸಭೆಯ ಸಮಾಧಿ ತೋಟದಲ್ಲಿ ಹೊಸ ಜಾಗವನ್ನು ಕೊಡುವುದು ನಿಂತು ವರ್ಷಗಳೇ ಆದವು. ಗಂಡನ ಗೋರಿ ತೆರೆದು ಹೆಂಡತಿಯನ್ನು, ಅಪ್ಪನ ಗೋರಿ ತೆರೆದು ಮಗನನ್ನು ಇಳಿಸಬೇಕು. ಅದೂ ಮೊದಲಿನವರು ಹೋಗಿ ಹದಿನಾಲ್ಕು ವರ್ಷ ಕಳೆದಿರಬೇಕು. ಯಾವ ಗೋರಿ ಯಾವ ಮನೆಯದೆಂದು ಸಭೆಯ ಹುಡುಗರಿಗೂ ಬಾಯಿಪಾಠ. ಹೀಗಾಗಿ ಹೂಳಿದವರ ಹೆಸರು ಬರೆದಿಡುವ ದಫ್ತರ ಬಿಚ್ಚಿ ನೋಡುವ ರೂಢಿ ಯಾರಿಗೂ ಇಲ್ಲ. ನಿನ್ನೆ ಸಂಜೆ ಗಿರಿಜಾಬಾಯಿ ತೀರಿಕೊಂಡಾಗಲೂ ಯಾರೂ ನೋಡಲಿಲ್ಲ. ಅವಳ ತಮ್ಮ ಅಮರೇಶಪ್ಪನವರೇ ಮಲ್ಲುವಿಗೆ ಫೋನ್ ಮಾಡಿ, ಭಾವನ ಗೋರಿ ಅಗಿ ಎಂದಿದ್ದರು.

ಮಲ್ಲು ಅಂಗೈಯಿಂದ ಮಣ್ಣು ಸರಿಸಿದ. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ಸೊಟ್ಟ ಅಕ್ಷರಗಳು ಕಂಡವು.

"ನಲಿನಿ ಅಂತ ಬರದೈತ್ರಿ. ಯಾರ್ರೀ ಈಕಿ?"

ಅಮರೇಶಪ್ಪನವರಿಗೆ ಬೆಳಿಗ್ಗೆ ಕುಡಿದ ಚಹಾ ನೆನಪಾಯಿತು. ಪಕ್ಕದ ಗೋರಿಯ ಶಿಲುಬೆಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

*

ಬೆಳಿಗ್ಗೆ ಗಿರಿಜಾಬಾಯಿಯ ಒಂದೂವರೆ ಕೋಣೆಯ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೂವತ್ತೊಂದು ವರ್ಷ ಆಸ್ಪತ್ರೆಯಲ್ಲಿ ಆಯಾ ಆಗಿದ್ದವಳು. ನಿವೃತ್ತಿಯಾದ ಮೇಲೂ ದಿನಾ ಹೋಗಿ, ಕೇಳುವವರಿಲ್ಲದ ರೋಗಿಗಳಿಗೆ ಗಂಜಿ ಕುಡಿಸಿ, ಮೈ ಒರೆಸಿ ಬರುತ್ತಿದ್ದಳು. ಸಭೆಯಲ್ಲಿ ಎದ್ದು ದೇವರು ಮಾಡಿದ ಉಪಕಾರದ ಸಾಕ್ಷಿ ಹೇಳಮ್ಮಾ ಎಂದರೆ, "ನನಗ ಮಾತಾಡಾಕ ಬರೂದಿಲ್ಲರಿ" ಎಂದು ಸೆರಗಿನಲ್ಲಿ ಮುಖ ಮುಚ್ಚಿ ನಗುವಳು. ಮಾತೆಲ್ಲ ತಮ್ಮನ ಪಾಲಿಗೆ ಬಂದಿತ್ತು. ಅಮರೇಶಪ್ಪ ಪ್ರಾರ್ಥನೆಗೆ ನಿಂತರೆಂದರೆ ಮನೆಯಲ್ಲಿಟ್ಟ ಅನ್ನ ತಳ ಹಿಡಿಯಿತೆಂದೇ ತಿಳಿಯಿರಿ ಎಂದು ಹೆಂಗಸರು ತಮ್ಮತಮ್ಮಲ್ಲಿ ನಗುತ್ತಿದ್ದರು.

ಪೆಟ್ಟಿಗೆಯ ಪಕ್ಕ ಅವರು ತಲೆ ತಗ್ಗಿಸಿ ಕೂತಿದ್ದಾಗ ಒಂದು ಕೈ ಚಹಾದ ಲೋಟ ಮುಂದೆ ಹಿಡಿಯಿತು. ಹಸಿರು ಬಳೆ, ಹೆಬ್ಬೆರಳ ಬುಡದಲ್ಲಿ ಹಳೆಯ ಸುಟ್ಟ ಕಲೆ. ತೆಗೆದುಕೊಂಡು ಕುಡಿದರು. ಒಣಶುಂಠಿ, ಸೋಂಪು, ಸಕ್ಕರೆ ಹೆಸರಿಗೆ ಮಾತ್ರ. ಸಕ್ಕರೆ ಕಾಯಿಲೆಯವರಿಗೆ ಹೇಳಿ ಮಾಡಿಸಿದ ಚಹಾ. ಆಹಾ, ಎಷ್ಟು ದಿನವಾಗಿತ್ತು! ಅರ್ಧ ಲೋಟ ಇಳಿದ ಮೇಲೆ ಅವರಿಗೆ ಅನುಮಾನ ಬಂತು.

"ಐಶ್ವರ್ಯಾ, ಚಹಾ ಯಾರು ಮಾಡಿದ್ರವ್ವಾ?"

"ಚಹಾನಾ?" ಮಗಳು ಕಣ್ಣೊರೆಸಿಕೊಂಡು ನೋಡಿದಳು. "ಸತ್ತ ಮನಿಯಾಗ ಒಲಿ ಯಾರು ಹಚ್ತಾರಪ್ಪಾ? ಮಗ್ಗಲಮನಿಯವರದು ಇನ್ನಾ ಬಂದಿಲ್ಲ."

ಅಮರೇಶಪ್ಪ ಎದ್ದು ಒಳಗೆ ಹೋಗಿ ನೋಡಿದರು. ಒಲೆ ತಣ್ಣಗಿತ್ತು. ಕೈಯಲ್ಲಿನ ಲೋಟ ಬಿಸಿಯಿತ್ತು. ಹಾಗೆ ಚಹಾ ಮಾಡುತ್ತಿದ್ದವಳು ಒಬ್ಬಳೇ, ತಮ್ಮ ಮನೆಯಲ್ಲಿ ಹನ್ನೆರಡು ವರ್ಷ ಕೆಲಸಕ್ಕಿದ್ದ ನಲಿನಿ. ಆ ಸುಟ್ಟ ಕಲೆಯೂ ಅವರ ಮನೆಯ ಹಾಲು ಉಕ್ಕಿ ಆದದ್ದು. ಆದರೆ ನಲಿನಿ ಸತ್ತು ಎರಡು ವರ್ಷವಾಗಿತ್ತು. ಥೂ, ವಯಸ್ಸಾಯಿತು, ಏನೇನೋ ಕಾಣುತ್ತದೆ ಎಂದು ತಮ್ಮನ್ನೇ ಬೈದುಕೊಂಡು ಲೋಟ ಕೆಳಗಿಟ್ಟರು.

*

ಎರಡು ವರ್ಷದ ಹಿಂದೆ ಗಿರಿಜಾಬಾಯಿ ಕೂಕಟ್‌ಪಲ್ಲಿಯ ಅಮರೇಶಪ್ಪನವರ ಫ್ಲಾಟಿಗೆ ಬಂದಿದ್ದಳು. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದಳು.

"ಅಮರೂ, ನಲಿನಿ ಹೋದ್ಲಪ್ಪ. ನಮ್ಮ ವಾರ್ಡಿನಾಗ."

"ಅಯ್ಯೋ ದೇವರೇ. ಪಾಪ."

"ಆಕಿಗೆ ಹಿಂದಿಲ್ಲ ಮುಂದಿಲ್ಲ. ಯಾರೂ ಬರಲಿಲ್ಲಂದ್ರ ಮುನ್ಸಿಪಾಲ್ಟಿ ಗಾಡಿ ಬರತೈತಿ." ಗಿರಿಜಾಬಾಯಿ ಸೆರಗಿನಿಂದ ಕತ್ತು ಒರೆಸಿಕೊಂಡಳು. "ವಿಶಾಲಾಕ್ಷಿ ಬಾಜೂಕ ನಿನ್ನ ಜಾಗ ಖಾಲಿ ಐತಲ್ಲ. ಅದನ್ನ ಕೊಡು."

ಅಮರೇಶಪ್ಪ ಅದಕ್ಕೂ ಮೂರು ವರ್ಷ ಮೊದಲು ಹೆಂಡತಿ ವಿಶಾಲಾಕ್ಷಿ ಹೋದಾಗ ಸಭೆಯಲ್ಲಿ ಉಳಿದಿದ್ದ ಕಡೆಯ ಜೋಡಿ ಜಾಗವನ್ನು ಓಡಾಡಿ ಹಿಡಿದಿದ್ದರು. ತಲೆಯ ಕಡೆ ಒಂದೇ ಅಗಲ ಕಲ್ಲು. ಒಂದು ಬದಿಗೆ ಅವಳ ಹೆಸರು, ಇನ್ನೊಂದು ಬದಿಗೆ ಅವರದೂ ಆಗಲೇ ಕೆತ್ತಿಸಿದ್ದರು, ಸತ್ತ ತಾರೀಖು ಬಿಟ್ಟು. ತಿಂಗಳಿಗೊಮ್ಮೆ ಹೋಗಿ ಆ ಖಾಲಿ ಬದಿಯಲ್ಲಿ ಕೂತು ಅವಳ ಜೊತೆ ಮಾತಾಡಿ ಬರುತ್ತಿದ್ದರು. ಮುಪ್ಪಿನಲ್ಲಿ ಅವರಿಗಿದ್ದ ಸಮಾಧಾನ ಅದೊಂದೇ.

"ಏನಂತ ಮಾತಾಡ್ತೀ ಅಕ್ಕಾ! ನನ್ನ ಹೆಂಡ್ತಿ ಬಾಜೂಕ ಕೆಲಸದಾಕಿನ್ನ ಮಲಗಸ್ಲೇನು?"

"ವಿಶಾಲಾಕ್ಷಿ ಹಾಸಿಗಿ ಹಿಡದ ಎರಡು ವರ್ಷ ಆಕಿ ಅಲ್ಲೇ ಮಲಗ್ಯಾಳಪ್ಪ. ಮಂಚದ ಬಾಜೂಕ, ನೆಲದ ಮ್ಯಾಲೆ."

ಅಮರೇಶಪ್ಪ ಕಿಟಕಿಯ ಕಡೆ ಮುಖ ತಿರುಗಿಸಿದರು. "ಬ್ಯಾರೆ ಏನರ ಕೇಳು."

ಗಿರಿಜಾಬಾಯಿ ಸಿಟ್ಟಾಗಲಿಲ್ಲ. ಸ್ವಲ್ಪ ಹೊತ್ತು ಕೂತು, ನೀರು ಕುಡಿದು, "ಆಯ್ತು ಬಿಡು" ಎಂದು ಎದ್ದು ಹೋದಳು. ಆ ಭಾನುವಾರ ಆರಾಧನೆಯಲ್ಲಿ ಅಮರೇಶಪ್ಪ ದಿಕ್ಕಿಲ್ಲದವರಿಗಾಗಿ ಹತ್ತು ನಿಮಿಷ ಪ್ರಾರ್ಥಿಸಿದರು. ಭಾಳ ಚೆನ್ನಾಗಿತ್ತೆಂದು ನಾಲ್ಕು ಮಂದಿ ಬಂದು ಕೈ ಕುಲುಕಿದರು. ಗಿರಿಜಾಬಾಯಿ ಅವತ್ತು ಸಭೆಗೆ ಬಂದಿರಲಿಲ್ಲ. ಯಾಕೆ ಬರಲಿಲ್ಲವೆಂದು ಅವರು ಕೇಳಲೂ ಇಲ್ಲ.

*

ಪಾಸ್ಟರ್ ಶಿವಪ್ರಕಾಶ ದಫ್ತರ ಹಿಡಿದುಕೊಂಡು ಅಗೆದ ಗೋರಿಯ ಹತ್ತಿರ ಓಡಿ ಬಂದರು. ಎರಡು ವರ್ಷದ ಹಿಂದಿನ ಆ ಪುಟದಲ್ಲಿ ಆಗಿನ ಪಾಸ್ಟರ ಅಕ್ಷರದಲ್ಲಿ ಬರೆದಿತ್ತು: ಗಿರಿಜಾಬಾಯಿ ತಮ್ಮ ಜಾಗವನ್ನು ನಲಿನಿಗೆ ಬಿಟ್ಟುಕೊಟ್ಟಿದ್ದಾರೆ. ಕೆಳಗೆ ಅಕ್ಕನ ರುಜು.

"ಆ ವಾರ ನಾ ಊರಿಗೆ ಹೋಗಿದ್ದೆರಿ" ಎಂದ ಮಲ್ಲು. "ಬ್ಯಾರೆಯವ ಅಗದಿರಬೇಕು."

"ಇನ್ನಾ ಹನ್ನೆರಡು ವರ್ಷ ಈ ಗೋರಿ ಮುಟ್ಟಂಗಿಲ್ಲ" ಎಂದರು ಪಾಸ್ಟರ್. "ಊರ ಹೊರಗ ಹೊಸ ಸ್ಮಶಾನ ಐತ್ರಿ. ಭಾಳ ದೂರ. ಪರವಾನಗಿ ನಾಳೆ ಸಿಗತೈತಿ. ಇವತ್ತೊಂದು ರಾತ್ರಿ ಅಮ್ಮನ್ನ ಬರ್ಫದ ಪೆಟಗಿಯಾಗ ಇಡಬೇಕಾಗತೈತಿ."

"ಹೂಂ. ಹಂಗೇ ಮಾಡ್ರಿ" ಎಂದರು ಅಮರೇಶಪ್ಪ, ತುಸು ಬೇಗನೆ. ನಾಲ್ಕೇ ಹೆಜ್ಜೆ ಆಚೆಗೆ ವಿಶಾಲಾಕ್ಷಿಯ ಕಲ್ಲು ಇತ್ತು. ಆ ಕಡೆ ನೋಡಲು ಧೈರ್ಯವಾಗಲಿಲ್ಲ.

ಅಷ್ಟರಲ್ಲಿ ಗೇಟಿನ ಹತ್ತಿರ ಹಾಡು ಕೇಳಿಸಿತು. ಗಾಡಿ ಬಂದೇಬಿಟ್ಟಿತ್ತು. ಸಭೆಯ ಹುಡುಗ ಕಲ್ಲೇಶ, ಜೊತೆಗೆ ಇನ್ನೂ ಮೂವರು, ಪೆಟ್ಟಿಗೆ ಹೆಗಲ ಮೇಲೆ. ಪಾಸ್ಟರ್ ಕೈಯೆತ್ತಿ ತಡೆಯಲು ನೋಡಿದರು, ಹೊತ್ತವರು ಅವರತ್ತ ತಿರುಗಲಿಲ್ಲ. ಅಗೆದ ಗುಂಡಿಯನ್ನು ದಾಟಿ ಮುಂದೆ ಹೋಗಿ, ವಿಶಾಲಾಕ್ಷಿಯ ಗೋರಿಯ ಖಾಲಿ ಬದಿಯಲ್ಲಿ ಪೆಟ್ಟಿಗೆಯನ್ನು ಇಳಿಸಿದರು.

ಹಾಡು ಅರ್ಧಕ್ಕೆ ನಿಂತಿತು.

"ಏ ಕಲ್ಲೇಶ, ಅಲ್ಯಾಕ ಇಳಿಸಿದ್ರೋ?" ಅಮರೇಶಪ್ಪ ಕೂಗಿದರು.

ಕಲ್ಲೇಶ ಬೆವರು ಒರೆಸಿಕೊಂಡ. "ಮುಂದ ಹೊಂಟಿದ್ದ ಆಕಿ ಇಲ್ಲೇ ಅಂತ ಕೈ ಮಾಡಿ ತೋರಿಸಿದ್ಲಲ್ಲರಿ ಕಾಕಾ."

"ಯಾವಾಕಿ?"

"ಅದಾ, ಹಸರ ಬಳಿ. ಕೈ ಸುಟ್ಟೈತಿ ನೋಡ್ರಿ, ಆಕಿ. ನಾ ನಿಮ್ಮ ಮನಿಯವರು ಅನ್ಕೊಂಡೆ." ಅವನು ಸುತ್ತ ನೋಡಿದ. ಹೆಂಗಸರೆಲ್ಲ ಪೆಟ್ಟಿಗೆಯ ಹಿಂದಿದ್ದರು. ಮುಂದೆ ಗೋಡೆ, ಗೋಡೆಗೆ ಹತ್ತಿದ ಮುಳ್ಳುಕಂಟಿ. ದಾರಿಯೇ ಇರಲಿಲ್ಲ.

ಅಮರೇಶಪ್ಪನವರಿಗೆ ಹೆದರಿಕೆಯೂ ಇತ್ತು, ಆದರೆ ಅದಕ್ಕಿಂತ ಹೆಚ್ಚಾಗಿ ನಾಚಿಕೆ. ಎರಡು ವರ್ಷ ಒಳಗೇ ಅದುಮಿಟ್ಟುಕೊಂಡಿದ್ದ ನಾಚಿಕೆ. ಅಕ್ಕ ಗಂಡನ ಪಕ್ಕದ ಜಾಗ ಬಿಟ್ಟುಕೊಟ್ಟು, ಅವರ ಮನೆಯ ಊಟಕ್ಕೆ ಬಂದಾಗಲೆಲ್ಲ ಆ ಮಾತನ್ನೇ ಎತ್ತದೆ ಉಂಡು ಹೋಗಿದ್ದಳು. ಅವಳಿಗೂ ಗಂಡನೆಂದರೆ ಜೀವವಲ್ಲವೇ? ತಮಗೆ ಮಾತ್ರವೇ?

ಹೆಂಡತಿಯ ಕಲ್ಲಿನ ಮುಂದೆ ಕುಸಿದು ಕೂತರು.

"ವಿಶಾಲೂ, ತಪ್ಪಾತಲ್ಲೇ" ಎಂದು ಅತ್ತರು, ಮಗುವಿನ ಹಾಗೆ, ಎಲ್ಲರೆದುರಿಗೆ. ಪ್ರಾರ್ಥನೆಯ ಮಾತು ಒಂದೂ ಬಾಯಿಗೆ ಬರಲಿಲ್ಲ. ಮೂಗು ಒರೆಸಿಕೊಂಡು ತಿರುಗಿದರು.

"ಮಲ್ಲು, ಆಕಿ ಗೋರಿ ಮುಚ್ಚು. ಮೆಲ್ಲಕ ಮುಚ್ಚು. ಆಮ್ಯಾಲೆ ಇಲ್ಲಿ ಅಗಿ."

"ಅಪ್ಪಾ," ಐಶ್ವರ್ಯಾ ಅವರ ಭುಜ ಹಿಡಿದಳು. "ಅವ್ವನ ಬಾಜೂಕ ನೀವಲ್ಲ..."

"ನಿಮ್ಮತ್ತಿ ಮಲಗ್ಲಿ. ನಾಳೆ ನಾ ಸತ್ತಾಗ ನನ್ನ ಆ ದೂರದ ಜಾಗಕ್ಕ ಒಯ್ಯಿರಿ. ಹೋಗತೀನಿ."

ಅಗೆಯಲು ಒಂದೂವರೆ ತಾಸು ಹಿಡಿಯಿತು. ಹೆಂಗಸರು ಹಾಡಿದ್ದನ್ನೇ ಮತ್ತೆ ಮತ್ತೆ ಹಾಡಿದರು. ಗಿರಿಜಾಬಾಯಿ ಕೆಳಗಿಳಿದಳು. ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿ, ಕೈ ತೊಳೆದುಕೊಂಡು ಗೇಟಿನ ಕಡೆ ನಡೆದರು.

ಅಮರೇಶಪ್ಪ ಹೋಗಲಿಲ್ಲ. ಹಸಿ ಮಣ್ಣನ್ನು ಬೆರಳಲ್ಲಿ ನಾದಿ, ಕಲ್ಲಿನ ಮೇಲಿನ ತಮ್ಮ ಹೆಸರಿನ ಕೊನೆಯ ಅಕ್ಷರಕ್ಕೆ ಹೆಬ್ಬೆರಳಿನಿಂದ ಒತ್ತಿ ತುಂಬಿದರು. ಆಮೇಲೆ ಅದರ ಹಿಂದಿನದಕ್ಕೆ. ಆಮೇಲೆ ಅದರ ಹಿಂದಿನದಕ್ಕೆ. ಮೊದಲಕ್ಷರ ಒಂದು ಉಳಿದಾಗ ಮಣ್ಣು ಸಾಲಲಿಲ್ಲ. ಬಗ್ಗಿ ಅಕ್ಕನ ಗೋರಿಯಿಂದ ಇನ್ನೊಂದು ಚಿಟಿಕೆ ತೆಗೆದುಕೊಂಡು, ಅದನ್ನೂ ತುಂಬಿ, ಅಂಗೈಯಿಂದ ನುಣ್ಣಗೆ ಸವರಿದರು.