ಕೀ ತೆಗೆದರೂ ನಿಲ್ಲದ ಎಂಜಿನ್

ಕನಕಳ ಲಾರಿ ಬೇಸಿಗೆ ಮುಗಿಯುವ ಹೊತ್ತಿಗೆ ನೀಲಿ ಹೊಗೆ ಕಾರಲು ಶುರುಮಾಡಿತು. ಮೊದಮೊದಲು ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಮಾತ್ರ. ಬರಬರುತ್ತ ಏರಿನಲ್ಲಿ ಹಿಂದಿನ ಕಾರುಗಳವರಿಗೆ ದಾರಿಯೇ ಕಾಣದಷ್ಟು.

ಗಣಿಯಲ್ಲಿ ಮನೆಯೆತ್ತರದ ಡಂಪರ್ ಓಡಿಸಿ ಸಾಕಾಗಿ, 2015ರಲ್ಲಿ ಅವಳು ಅಡಿಲೇಡ್‌ನಿಂದ ಈ ಹಳೆಯ ಟಿಪ್ಪರ್ ತರಿಸಿಕೊಂಡಿದ್ದಳು. ಪರ್ತ್‌ನ ಹೊಸ ಬಡಾವಣೆಗಳ ಮನೆಗಳಿಗೆ ಮರಳು, ತೋಟದ ಮಣ್ಣು ಹೊಡೆಯುವುದು ಅವಳ ಕೆಲಸ. ಗಂಡ ರಘುನಾಥ ಭೂವಿಜ್ಞಾನಿ. ತಿಂಗಳಲ್ಲಿ ಹೆಚ್ಚಿನ ದಿನ ಉತ್ತರದ ಗಣಿಯಲ್ಲೇ ಇರುತ್ತಿದ್ದ. ಹಾಗಾಗಿ ಲಾರಿಯ ಕಷ್ಟ ಸುಖವೆಲ್ಲ ಅವಳದೇ.

ಸದರ್ನ್ ರಿವರ್ ಬಡಾವಣೆಯಲ್ಲಿ ಮನೆಯ ಹಿಂದೆಯೇ ಶೆಡ್ ಕಟ್ಟಿಕೊಂಡಿದ್ದ ಮ್ಯಾಕ್ಸಿಮ್ ಅಂಕಲ್ ಹತ್ತಿರ ಲಾರಿ ತಂದು ನಿಲ್ಲಿಸಿದಳು. ಕಾರ್ಕಳ ಕಡೆಯವರು; ವರ್ಷಗಟ್ಟಲೆ ಬಹರೈನ್‌ನಲ್ಲಿ ಡೀಸೆಲ್ ಎಂಜಿನ್ ರಿಪೇರಿ ಮಾಡಿ, ಮಕ್ಕಳ ಓದಿಗೆಂದು ಇಲ್ಲಿಗೆ ಬಂದವರು. ಒಂದು ಪೈಪು ಬಿಚ್ಚಿ ಒಳಗೆ ಬೆರಳಾಡಿಸಿ, ಕಪ್ಪು ಎಣ್ಣೆ ಮೆತ್ತಿದ ಬೆರಳನ್ನು ಅವಳಿಗೆ ತೋರಿಸಿದರು.

"ಟರ್ಬೋದ ಸೀಲ್ ಹೋಗಿದೆ ಮಾರಾಯ್ತಿ. ಎಂಜಿನ್ನಿಗೆ ಗಾಳಿ ತಳ್ಳುವ ಚಕ್ರ ಉಂಟಲ್ಲ, ಅದರ ಸೀಲು. ಗಾಳಿಯ ಜೊತೆ ಆಯಿಲ್ ಸಹ ಒಳಗೆ ಹೋಗ್ತಾ ಉಂಟು. ಸೀಲ್ ಬದಲಿಸಿದ್ರೆ ಆಯ್ತು, ಹೆದರ್ಲಿಕ್ಕೆ ಎಂತ ಇಲ್ಲ."

ಶನಿವಾರ ಮಧ್ಯಾಹ್ನ ಕೆಲಸ ಮುಗಿಯಿತು. ಲಾರಿಯ ಮೂತಿಯಂಥ ಬಾನೆಟ್ ಮುಂದಕ್ಕೆ ಮಗುಚಿಕೊಂಡಿತ್ತು. ಮುಂದೆ ನಾಲ್ಕು ಹೆಜ್ಜೆಯ ಆಚೆ ಶೆಡ್ಡಿನ ಗೋಡೆ. ಅಂಕಲ್ ಎಂಜಿನ್ನಿನ ಎಡಗಡೆ ನಿಂತು ಕೈಯೆತ್ತಿದರು. ಕ್ಯಾಬಿನ್ನಿನಲ್ಲಿ ಕೂತಿದ್ದ ಕನಕ ಕೀ ತಿರುಗಿಸಿದಳು.

ಎಂಜಿನ್ ಸಲೀಸಾಗಿ ಶುರುವಾಯಿತು. ಅಂಕಲ್ ನಗುತ್ತ ಹೆಬ್ಬೆರಳೆತ್ತಿದರು. ಇನ್ನೇನು ಕೆಳಗಿಳಿಯಬೇಕು ಅನ್ನುವಷ್ಟರಲ್ಲಿ ಸದ್ದು ಏರತೊಡಗಿತು. ಕನಕ ಕಾಲ ಕಡೆ ನೋಡಿಕೊಂಡಳು. ಆಕ್ಸಿಲರೇಟರ್ ಮೇಲೆ ಅವಳ ಕಾಲೇ ಇರಲಿಲ್ಲ.

ಸದ್ದು ಇನ್ನೂ ಏರಿತು. ಅವಳು ಕೀ ಹಿಂದಕ್ಕೆ ತಿರುಗಿಸಿದಳು. ನಿಲ್ಲಲಿಲ್ಲ. ಕೀ ಹೊರಗೆಳೆದು ಅಂಗೈಯಲ್ಲಿ ಹಿಡಿದಳು. ಎಂಜಿನ್ ಕಿರುಚುತ್ತಲೇ ಇತ್ತು. ಡ್ಯಾಶ್‌ಬೋರ್ಡಿನ ಮುಳ್ಳು ಕೆಂಪು ಗೆರೆ ದಾಟಿತು. ಸೀಟು, ಗಾಜು, ಅವಳ ಹಲ್ಲು ಎಲ್ಲ ಒಟ್ಟಿಗೆ ಅದುರಿದವು. ಬಿಳಿ ಹೊಗೆ ಶೆಡ್ಡನ್ನೆಲ್ಲ ತುಂಬಿತು.

ಗಣಿಯ ತರಬೇತಿಯಲ್ಲಿ ಇದರ ಬಗ್ಗೆ ಹೇಳಿದ್ದರು. ಡೀಸೆಲ್ ಎಂಜಿನ್ನಿಗೆ ಕಿಡಿ ಬೇಡ. ಉರಿಯುವಂಥದ್ದೇನಾದರೂ ಒಳಗೆ ಹೋದರೆ ಸಾಕು. ಎಣ್ಣೆ ಹೋದರೆ ಎಣ್ಣೆಯನ್ನೇ ಕುಡಿದು ಓಡುತ್ತದೆ. ಎಣ್ಣೆ ಮುಗಿಯುವ ತನಕ, ಇಲ್ಲವೇ ಸಿಡಿಯುವ ತನಕ. ಗಾಳಿಯ ದಾರಿ ಮುಚ್ಚಬೇಕು. ಅದಾಗದಿದ್ದರೆ ಬ್ರೇಕ್ ಒತ್ತಿ ಹಿಡಿದು, ಟಾಪ್ ಗೇರ್ ಹಾಕಿ, ಒಮ್ಮೆಲೇ ಕ್ಲಚ್ ಬಿಡಬೇಕು. ಭಾರ ತಾಳದೆ ಎಂಜಿನ್ ಉಸಿರುಗಟ್ಟಿ ನಿಲ್ಲುತ್ತದೆ. ಆದರೆ ನಿಲ್ಲುವ ಮುಂಚೆ ಲಾರಿ ಮುಂದಕ್ಕೆ ಜಿಗಿಯಬಹುದು.

ಅವಳು ಕ್ಲಚ್ ತುಳಿದು ಗೇರ್ ಹಾಕಿದಳು. ಬಲಗಾಲಿನಿಂದ ಬ್ರೇಕನ್ನು ನೆಲಕ್ಕೆ ಅದುಮಿದಳು.

ಮ್ಯಾಕ್ಸಿಮ್ ಅಂಕಲ್ ಕಾಣಿಸಲಿಲ್ಲ.

"ಅಂಕಲ್! ಈಚೆ ಬನ್ನಿ! ಅಂಕಲ್!"

ತನ್ನ ಕೂಗು ತನಗೇ ಕೇಳಿಸಲಿಲ್ಲ. ಗಾಳಿಯ ಪೈಪು ಬಿಚ್ಚಲು ಎಡಗಡೆಯ ಚಕ್ರದ ಮುಂದೆ ಬಗ್ಗಿರಬೇಕು. ಇಲ್ಲವೇ ಗೋಡೆಯ ಹತ್ತಿರ ನಿಂತಿರಬೇಕು. ಈಗ ಕ್ಲಚ್ ಬಿಟ್ಟರೆ ಲಾರಿ ಅವರ ಮೇಲೇ ಹೋಗುತ್ತದೆ. ಬಿಡದಿದ್ದರೆ ಎಂಜಿನ್ ಒಡೆದು ಕಬ್ಬಿಣದ ತುಂಡುಗಳು ಮೊದಲು ಅವರಿಗೆ ಬಡಿಯುತ್ತವೆ, ಆಮೇಲೆ ತನಗೆ.

ಅವಳ ಎಡಗಾಲು ನಡುಗತೊಡಗಿತು. ನಡುಗುತ್ತ ನಡುಗುತ್ತ ತಾನಾಗಿಯೇ ಮೇಲೇಳತೊಡಗಿತು. ಲಾರಿ ಒಮ್ಮೆ ಮುಂದಕ್ಕೆ ತೊನೆಯಿತು. ಕನಕ ಚೀರಿ, ತೊಡೆಯ ಮೇಲೆ ಎರಡೂ ಕೈಯಿಟ್ಟು ಕಾಲನ್ನು ಮತ್ತೆ ಕೆಳಕ್ಕೆ ಒತ್ತಿದಳು.

ಆಗ ಹೊಗೆಯೊಳಗೆ ನೊರೀನ್ ಆಂಟಿ ಕಂಡರು. ಅಂಕಲ್ ಹೆಂಡತಿ, ಗ್ರೀಸಿನ ವಾಸನೆಗೆ ಹೇಸಿ ಶೆಡ್ಡಿನ ಬಾಗಿಲು ದಾಟದವರು. ಸೆರಗಿಲ್ಲದ ನೈಟಿಯ ಕಾಲರನ್ನೇ ಮೂಗಿಗೆ ಒತ್ತಿಕೊಂಡು ಲಾರಿಯ ಮುಂದೆ ಓಡಿದರು. ಒಂದು ಕ್ಷಣ ಏನೂ ಕಾಣಲಿಲ್ಲ. ಆಮೇಲೆ ಎಡಗಡೆಯಿಂದ ಹಿಮ್ಮುಖವಾಗಿ ಹೊರಬಂದರು. ಅಂಕಲ್ಲರ ಷರ್ಟಿನ ಹಿಂಭಾಗ ಹಿಡಿದು ಮೂಟೆ ಎಳೆಯುವಂತೆ ಎಳೆಯುತ್ತಿದ್ದರು. ಬಾಗಿಲ ಹತ್ತಿರ ತಲುಪಿದ್ದೇ ಎರಡೂ ಕೈ ಮೇಲೆತ್ತಿ ಬೀಸಿದರು.

ಕನಕ ಕ್ಲಚ್ ಬಿಟ್ಟಳು.

ಲಾರಿ ಹಾರಿತು. ಬಾನೆಟ್ ಗೋಡೆಗೆ ಬಡಿದು ತಗಡು ಮುದುರಿದ ಸದ್ದು. ಎಂಜಿನ್ ಎರಡು ಸಲ ದಡದಡ ಕುಟ್ಟಿ ಸತ್ತುಹೋಯಿತು.

ಎಷ್ಟು ಹೊತ್ತಾದರೂ ಅವಳಿಗೆ ಬ್ರೇಕಿನ ಮೇಲಿಂದ ಕಾಲು ತೆಗೆಯಲಾಗಲಿಲ್ಲ. ಆಂಟಿಯೇ ಹತ್ತಿ ಬಂದು, ಮೊಣಕಾಲು ಸವರಿ, ಮಗುವನ್ನು ಇಳಿಸುವಂತೆ ಇಳಿಸಿದರು.

ಅಂಕಲ್ ಹೊರಗೆ ಬಕೆಟ್ ಬೋರಲು ಹಾಕಿ ಕೂತಿದ್ದರು. ಕೈಯಲ್ಲಿ ಸ್ಕ್ರೂಡ್ರೈವರ್ ಹಾಗೇ ಇತ್ತು.

"ಪೈಪು ಬಿಚ್ಚಬೇಕು ಅಂತ ಗೊತ್ತುಂಟು," ಅಂದರು, ನೆಲ ನೋಡುತ್ತ. "ಎಲ್ಲಿ ಬಿಚ್ಚಬೇಕು ಅಂತಲೂ ಗೊತ್ತುಂಟು. ಕೈಯೇ ಏಳಲಿಲ್ಲ. ಅಲ್ಲೇ ನಿಂತುಬಿಟ್ಟೆ ಕನಕ, ಕಲ್ಲಿನ ಹಾಗೆ."

"ಏನಾಗಿತ್ತು ಅಂಕಲ್? ಸೀಲ್ ಹೊಸದಲ್ವಾ?"

"ಸೀಲ್ ಸರಿಯೇ ಉಂಟು. ಹಳೆ ಸೀಲಿಂದ ಸೋರಿದ ಆಯಿಲ್ ಮುಂದೆ ಗಾಳಿ ತಂಪು ಮಾಡುವ ಕೂಲರಲ್ಲಿ ತುಂಬಿ ನಿಂತಿತ್ತು. ಅದನ್ನು ಬಿಚ್ಚಿ ತೊಳೆಯದೆ ಸ್ಟಾರ್ಟ್ ಮಾಡಿಸಿದೆ. ತಪ್ಪು ನನ್ನದೇ."

ಆಂಟಿ ಕನಕಳನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ಸಕ್ಕರೆ ನೀರು ಕೊಟ್ಟರು.

"ನಾನು ಕೈ ಎತ್ತುವ ಮೊದಲೇ ಲಾರಿ ಒಂದ್ಸಲ ಮುಂದೆ ಬಂತು," ಆಂಟಿ ಮೆಲ್ಲಗೆ ಕೇಳಿದರು. "ಕಾಲು ಜಾರಿತಾ?"

ಹೌದು ಅಂದುಬಿಡಬಹುದಿತ್ತು.

"ಜಾರ್ಲಿಲ್ಲ ಆಂಟಿ. ಭಯ ಆಗೋಯ್ತು. ಬಿಟ್ಬಿಡ್ತಿದ್ದೆ."

ಆಂಟಿ ಸಿಂಕಿನ ಕಡೆ ತಿರುಗಿದರು. "ಸದ್ದು ಕೇಳಿದಾಗ ನಾನು ಮೊದಲು ಓಡಿದ್ದು ಗೇಟಿಗೆ," ಅಂದರು. "ರೋಡಿಗೆ ಹೋಗಿ ಆಗಿತ್ತು. ಆಮೇಲೆ ತಿರುಗಿದ್ದು. ಅವರಿಗೆ ಹೇಳ್ಬೇಡ."

ಮುಂದಿನ ಶನಿವಾರದೊಳಗೆ ಅಂಕಲ್ ಕೂಲರ್ ಬಿಚ್ಚಿ ಎಣ್ಣೆ ಬಸಿದು ತೊಳೆದರು. ಎಂಜಿನ್ನನ್ನು ಕೈಯಲ್ಲೇ ತಿರುಗಿಸಿ ನೋಡಿದರು, ಆಯಿಲ್ ಸೋಸಿ ಲೋಹದ ಚೂರಿದೆಯೇ ಎಂದು ಹುಡುಕಿದರು. ಎಲ್ಲೂ ಒಡೆದಿರಲಿಲ್ಲ. ಈ ಸಲ ಲಾರಿಯನ್ನು ಎಳೆಸಿ ಬಯಲಿಗೆ ಮುಖ ಮಾಡಿ ನಿಲ್ಲಿಸಿದ್ದರು. ಗಾಳಿಯ ಪೈಪಿನ ಬಾಯಿ ತೆರೆದೇ ಇಟ್ಟು, ಮುಚ್ಚಲು ದಪ್ಪ ಹಲಗೆ ಹಿಡಿದು ಪಕ್ಕದಲ್ಲಿ ನಿಂತರು.

"ನಾನು ಬೇಕಾದ್ರೆ ಕೂತ್ಕೊಳ್ತೇನೆ ಕನಕ. ನೀನು ಇಳಿ."

"ಬೇಡ ಅಂಕಲ್. ಇವತ್ತು ಇಳಿದ್ರೆ ಮತ್ತೆ ಹತ್ತಲ್ಲ ನಾನು."

ಕೀ ತಿರುಗಿಸಿದಳು. ಎಂಜಿನ್ ಹಿಡಿಯಿತು. ಅವಳು ಉಸಿರು ಬಿಗಿಹಿಡಿದು ಮುಳ್ಳನ್ನೇ ನೋಡಿದಳು. ಮುಳ್ಳು ಇದ್ದಲ್ಲೇ ಇತ್ತು. ಆರಿಸಿದಳು, ನಿಂತಿತು. ಮತ್ತೆ ಹಚ್ಚಿದಳು, ಮತ್ತೆ ಆರಿಸಿದಳು.

"ಸಾಕು ಮಾರಾಯ್ತಿ, ಬ್ಯಾಟರಿ ಹೋಗ್ತದೆ!" ಎಂದು ಅಂಕಲ್ ಕೂಗುವ ತನಕ ಅದನ್ನೇ ಮಾಡಿದಳು.

ಪೈಪು ಜೋಡಿಸಿ, ಮುದುರಿದ ಬಾನೆಟ್ಟನ್ನು ಹಗ್ಗದಲ್ಲಿ ಬಿಗಿದು ಹೊರಡುವಾಗ ಎಡಗಡೆಯ ಬಾಗಿಲು ತೆರೆಯಿತು. ನೊರೀನ್ ಆಂಟಿ ಏದುಸಿರು ಬಿಡುತ್ತ ಹತ್ತಿ ಕೂತರು.

"ಎಲ್ಲಿಗೆ ಆಂಟಿ?"

"ನಿನ್ನ ಮನೆ ತನಕ. ಒಬ್ಳೇ ಹೋಗ್ಬೇಡ."

"ಭಯ ಆಗಲ್ವಾ?"

"ಆಗ್ತದೆ. ಮೆಲ್ಲ ಬಿಡು."

ಆಂಟಿ ಬಾಗಿಲ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಕನಕ ಮೊದಲನೇ ಗೇರ್ ಹಾಕಿ, ಒಂದೊಂದೇ ಕೂದಲೆಳೆಯಷ್ಟು ಕ್ಲಚ್ ಬಿಟ್ಟಳು. ಲಾರಿ ರಸ್ತೆಗೆ ಇಳಿಯಿತು. ಮನೆ ತಲುಪುವ ತನಕ ಇಬ್ಬರೂ ಎಂಜಿನ್ನಿನ ಸದ್ದನ್ನೇ ಕೇಳುತ್ತ ಕೂತಿದ್ದರು.